ಕಲಮು ಓದಿಸುತ್ತಿದ್ದ ವಕೀಲರು

ಹೋದ ತಿಂಗಳು ನಮ್ಮ ಸೀನಿಯರ್‌ಗೆ ವಕೀಲರೆಲ್ಲ ಸೇರಿ ಸಂತಾಪ ಸಭೆ ಮಾಡಿದರು. ಕೆಲವರು ತೆಲುಗಿನಲ್ಲಿ, ಕೆಲವರು ಇಂಗ್ಲಿಷಿನಲ್ಲಿ ಮಾತಾಡಿದರು. ಭಾಷೆ ಯಾವುದಾದರೂ ಎಲ್ಲರೂ ಹೇಳಿದ್ದು ಒಂದೇ ಮಾತು: ಅವರಿಗೆ ಸಂವಿಧಾನ ಬಾಯಿಪಾಠ ಇತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಜಗಳ ಆಡೋಣ ಅನ್ನಿಸಿತು. ಶುದ್ಧ ಸುಳ್ಳು. ಆ ಮನುಷ್ಯ ಒಂದು ವಿಧಿಯನ್ನೂ ಬಾಯಿಪಾಠ ಹೇಳಿದವರಲ್ಲ. ಸಮಾನತೆಯ ಹದಿನಾಲ್ಕನೇ ವಿಧಿ ಲಾ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೂ ಬರುತ್ತದೆ. ಅದಕ್ಕೂ ಇವರು ಕನ್ನಡಕ ಹುಡುಕಿ, ಪುಸ್ತಕ ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಬಾಯಿಪಾಠ ಒಪ್ಪಿಸುವ ವಕೀಲರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಬಾಯಿಪಾಠ ಮಾಡಿದವ ತನಗ ಬೇಕಾದಷ್ಟ ನೆನಪ ಇಟ್ಕೊಂತಾನ್ರಿ ಬಾಯಾರ," ಎನ್ನುತ್ತಿದ್ದರು. "ಬ್ಯಾಡಾದದ್ದು ಪುಸ್ತಕದಾಗ ಉಳೀತದ. ಕೋರ್ಟಿನಾಗ ಎದುರಿನವ ಅದನ್ನ ತಗೀತಾನ."

ಬಾಯಾರ ಅಂದರೆ ನಾನು. ನಾನು ಮೈಸೂರಿನವಳು. ಗಂಡನಿಗೆ ಬೇಗಂಪೇಟೆಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದಾಗ ನನ್ನ ಕೈಯಲ್ಲಿ ವಕೀಲಿ ಸನ್ನದು ಇತ್ತು, ನಾಲಗೆಯಲ್ಲಿ ತೆಲುಗು ಇರಲಿಲ್ಲ. ಕಕ್ಷಿದಾರರ ಭಾಷೆ ಬಾರದ ವಕೀಲೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಿಮಾಯತ್‌ನಗರದಲ್ಲಿ ಕನ್ನಡದ ವಕೀಲರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಹೋದೆ. ಸೀರೆ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಅಲ್ಲಿ ಕೂತಿದ್ದ, ತಲೆ ಪೂರ್ತಿ ನೆರೆತ, ಕೋಟಿನ ಒಂದು ಗುಂಡಿ ಕಿತ್ತುಹೋಗಿದ್ದ ಮನುಷ್ಯ ನನ್ನ ಅಂಕಪಟ್ಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಓದಾಕ ಬರ್ತದೇನ್ರಿ?" ಎಂದು ಕೇಳಿದರು. ನನಗೆ ಮೈ ಉರಿಯಿತು. ಸಂವಿಧಾನದ ಪುಸ್ತಕವನ್ನು ನನ್ನ ಕಡೆ ತಳ್ಳಿ, ಒಂದು ಪುಟ ತೋರಿಸಿ ಗಟ್ಟಿಯಾಗಿ ಓದಲು ಹೇಳಿದರು. ಸಿಟ್ಟಿನಲ್ಲೇ ಗಡಗಡ ಓದಿದೆ.

"ರೈಲು ಹಿಡಿಯೋದೈತೇನು?" ಎಂದರು. "ನಿಧಾನ ಓದ್ರಿ. ಅರ್ಥ ನಾ ಹೇಳತೀನಿ."

ಅದು ಅವರ ಊರಿನ ಪದ್ಧತಿ ಅಂತ ಆಮೇಲೆ ಗೊತ್ತಾಯಿತು. ರಾಯಚೂರು ಕಡೆಯ ಅವರ ಹಳ್ಳಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ಹಚ್ಚುತ್ತಿದ್ದರಂತೆ. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಓದಿದವನೇ ಅರ್ಥ ಹೇಳುವ ಹಾಗಿಲ್ಲ, ತನಗೆ ಬೇಕಾದ ಹಾಗೆ ಹೇಳಿಬಿಡುತ್ತಾನೆ ಅಂತ. ಇವರು ಅದನ್ನು ಎತ್ತಿಕೊಂಡು ಬಂದು ಹೈದರಾಬಾದಿನ ವಕೀಲಿ ಆಫೀಸಿನಲ್ಲಿ ಇಟ್ಟುಬಿಟ್ಟಿದ್ದರು. ನಾನು ಓದಿದರೆ ಅವರು ಅರ್ಥ ಹೇಳಬೇಕು. ಅವರು ಓದಿದರೆ ನಾನು. ಹಾಳೆ ಹಾರುತ್ತವೆ ಎಂದು ಫ್ಯಾನು ಬೇರೆ ಆರಿಸುತ್ತಿದ್ದರು. ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಫ್ಯಾನಿಲ್ಲದೆ ಸಂವಿಧಾನ ಓದುವುದು ಏನು ಸುಖ ಅಂತ ಓದಿದವರಿಗೇ ಗೊತ್ತು.

ನನ್ನನ್ನು ಕಾಡಿಸದೆ ಅವರಿಗೆ ದಿನ ಹೋಗುತ್ತಿರಲಿಲ್ಲ. "ನಿಮ್ಮ ಮೈಸೂರವರು ಮಾತಿಗೊಮ್ಮೆ 'ಅಲ್ವಾ, ಅಲ್ವಾ' ಅಂತೀರಿ. ಜಡ್ಜರನ್ನ ಹಂಗ ಕೇಳಿದ್ರ 'ಅಲ್ಲ' ಅಂತಾರ ನೋಡ್ರಿ." ನಾನೂ ಸುಮ್ಮನಿರುತ್ತಿರಲಿಲ್ಲ. "ನಿಮ್ಮ ಕಡೆಯವರು ಮಾತಾಡಿದರೆ ಜಡ್ಜ್ ಬೈಸಿಕೊಂಡೆ ಅಂದ್ಕೊಳ್ತಾರೆ ಸರ್," ಎನ್ನುತ್ತಿದ್ದೆ. ಖುಷಿಯಾಗಿ ನಕ್ಕು, ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದರು. ಗುಮಾಸ್ತನ ಜೊತೆ ದಖನಿ ಉರ್ದು, ಕೋರ್ಟಿನ ಕಾರಿಡಾರಿನಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಮೂರರಲ್ಲೂ ಅವರ ದನಿ ಒಂದೇ ಎತ್ತರದಲ್ಲಿರುತ್ತಿತ್ತು.

ಅವರಿಗೆ ಇಡೀ ಸಂವಿಧಾನದಲ್ಲಿ ಒಂದು ವಿಧಿಯ ಮೇಲೆ ವಿಶೇಷ ಮೋಹ. ಮುನ್ನೂರ ಎಪ್ಪತ್ತೊಂದು ಡಿ. ಈ ರಾಜ್ಯದ ಬೇರೆ ಬೇರೆ ಭಾಗದ ಜನಕ್ಕೆ ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಸರಿಯಾದ ಪಾಲು ಸಿಗಲಿ ಎಂದು ಬಂದ ವಿಧಿ ಅದು. ಅದರ ಬಲದ ಮೇಲೆ ಹೊರಟ ಆದೇಶದಲ್ಲಿ 'ಸ್ಥಳೀಯ' ಯಾರು ಎಂಬುದನ್ನು ಬರೆದಿದ್ದಾರೆ. ಕಾಲೇಜು ಸೀಟಿನ ಮಟ್ಟಿಗೆ ಹೇಳುವುದಾದರೆ, ಸೀಟಿಗೆ ಬೇಕಾದ ಕೊನೆಯ ಪರೀಕ್ಷೆಯವರೆಗೆ ನಾಲ್ಕು ವರ್ಷ ಬಿಡದೆ ಇಲ್ಲೇ ಓದಿದವರು ಸ್ಥಳೀಯರು. ಹೆಚ್ಚಿನ ಸೀಟುಗಳು ಅವರಿಗೆ.

"ಅಮೆರಿಕದಾಗ ರಾಜ್ಯಕ್ಕೊಂದು ಸಂವಿಧಾನ ಇರತದಂತ," ಎಂದು ಅವರು ಶುರು ಮಾಡಿದರೆ ನನಗೆ ಪಾಠ ಬಂತೆಂದು ಗೊತ್ತಾಗುತ್ತಿತ್ತು. "ನಮ್ಮ ರಾಜ್ಯಗಳಿಗೆ ಅದಿಲ್ಲ. ಹೈದರಾಬಾದಿಗೆ ಒಂದು ಆಗಬಹುದಿತ್ತು. ಕಡೀಕ ನಿಜಾಮರು ಫರ್ಮಾನು ಹೊರಡಿಸಿ, ಭಾರತದ ಸಂವಿಧಾನನ ನಮ್ಮ ರಾಜ್ಯದ ಸಂವಿಧಾನ ಅಂದ್ರು. ಅಲ್ಲಿಗೆ ಆ ಮಾತು ಮುಗೀತು. ಆದ್ರ ಒಂದು ಪ್ರಶ್ನೆ ಮುಗೀಲಿಲ್ಲ ನೋಡ್ರಿ. ಇಲ್ಲಿಯವ ಯಾರು? ನಿಜಾಮರ ಕಾಲದಾಗ ಅವಗ ಮುಲ್ಕಿ ಅಂದ್ರು. ಈಗ ಲೋಕಲ್ ಅಂತಾರ. ರಾಜ್ಯ ಒಡದು ಮೂರು ಪಾಲಾತು, ಕೂಡಿತು, ಮತ್ತ ಒಡೀತು. ಪ್ರಶ್ನೆ ಅಲ್ಲೇ ಐತಿ. ನಮ್ಮ ರಾಜ್ಯದ ಸಂವಿಧಾನ ಅಂತ ಏನರ ಇದ್ರ ಈ ಕಲಮ ಐತ್ರಿ."

ಕಲಮು ಎಂದರೆ ಅವರ ಬಾಯಲ್ಲಿ ವಿಧಿ. ಹೇಳುವಾಗ ಮನೆಯ ಹಿರಿಯರ ಹೆಸರು ಹೇಳುವಷ್ಟು ಗೌರವ ಇರುತ್ತಿತ್ತು.

ಆ ಕಲಮಿನಲ್ಲೇ ಅವರು ಹೆಸರು ಮಾಡಿದ್ದು. ನಾನು ಅವರ ಬಳಿ ಸೇರುವ ಎಷ್ಟೋ ವರ್ಷ ಮುಂಚೆ ಆದಿಲಾಬಾದ್ ಕಡೆಯ ಹಳ್ಳಿಯ ಹುಡುಗಿಯೊಬ್ಬಳ ಮೆಡಿಕಲ್ ಸೀಟಿಗೆ ಕುತ್ತು ಬಂದಿತ್ತು. ಬೇರೆ ರಾಜ್ಯದ ದೊಡ್ಡ ಹಾಸ್ಟೆಲ್ ಕಾಲೇಜಿನಲ್ಲಿ ಕೋಚಿಂಗ್ ಪಡೆದು ಬಂದ ನಗರದ ಹುಡುಗ ತಾನೂ ಸ್ಥಳೀಯ, ತನ್ನ ಮನೆ ಇಲ್ಲೇ ಇದೆ ಎಂದು ಕೇಸು ಹಾಕಿದ್ದ. ಹುಡುಗಿಯ ಪರ ಇವರು ನಿಂತರು. ಮನೆ ಎಲ್ಲಿದೆ ಎಂದು ಕಲಮು ಕೇಳುವುದಿಲ್ಲ, ಎಲ್ಲಿ ಓದಿದೆ ಎಂದು ಕೇಳುತ್ತದೆ. ಹೊರಗೆ ಹೋಗಿ ಓದಲು ಆಗದವರಿಗಾಗಿ ಬಂದ ಕಲಮಿದು, ಹೋಗಿಬರುವ ಶಕ್ತಿ ಇದ್ದವರು ಇದರಲ್ಲಿ ಪಾಲು ಕೇಳಬಾರದು. ಇದು ಅವರ ವಾದ. ಗೆದ್ದರು. ಆಮೇಲೆ ಯಾವ ಸೀಟಿನ ಕೇಸು ಬಂದರೂ ವಕೀಲರೆಲ್ಲ ಆ ತೀರ್ಪನ್ನೇ ಎತ್ತುತ್ತಿದ್ದರು.

ಅವರ ಇನ್ನೊಂದು ಕಟ್ಟಳೆ ಕಕ್ಷಿದಾರರಿಗೆ. ಇಲ್ಲಿ ಮಾತ್ರ ಓದುವವರೂ ಅರ್ಥ ಹೇಳುವವರೂ ಒಬ್ಬರೇ: ಕೇಸು ಹಿಡಿದು ಬಂದವರು ತಮಗೆ ವಿರುದ್ಧವಾಗಿರುವ ಕಲಮನ್ನು ತಾವೇ ಓದಿ ಅರ್ಥ ಹೇಳಬೇಕು. ಹೇಳದಿದ್ದರೆ ವಕಾಲತ್ತಿಗೆ ಸಹಿ ಇಲ್ಲ. ಎಷ್ಟು ಜನ ಎದ್ದು ಹೋದರೋ. "ಸರ್, ಜನ ವಕೀಲರ ಹತ್ರ ಬರೋದೇ ಅರ್ಥ ಆಗಲ್ಲ ಅಂತ," ಎಂದು ಒಮ್ಮೆ ರೇಗಿದೆ. "ಸೋತರ ಯಾಕ ಸೋತೆ ಅಂತರ ಅವಗ ತಿಳೀಬೇಕಲ್ರಿ," ಎಂದರು.

ಹೋದ ವರ್ಷಕ್ಕೆ ಹಿಂದಿನ ವರ್ಷ ಹೈದರಾಬಾದಿನ ಅಂಚಿನ ಕುಷಾಯಿಗೂಡದಿಂದ ಅಪ್ಪ ಮಗಳು ಬಂದರು. ಅಪ್ಪ ಗದಗ ಕಡೆಯವರು, ಕುಷಾಯಿಗೂಡದ ಹತ್ತಿರದ ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ. ಮಗಳು ಹುಟ್ಟಿದ್ದು, ಹತ್ತನೇ ತರಗತಿವರೆಗೆ ಓದಿದ್ದು ಕುಷಾಯಿಗೂಡದಲ್ಲೇ. ಆಮೇಲೆ ಎರಡು ವರ್ಷ ಪಿಯುಸಿಗೆ ಕಲಬುರಗಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ನಮ್ಮ ಕನ್ನಡದವರ ಮನೆಗಳಲ್ಲಿ ಇದು ರೂಢಿ. ಒಳ್ಳೆಯ ಕೋಚಿಂಗ್ ಆಯಿತು, ನಾಲಗೆಯಲ್ಲಿ ಕನ್ನಡ ಉಳಿಯಿತು, ನೆಂಟರ ಪರಿಚಯವಾಯಿತು, ಮುಂದೆ ಸೀಟು ಕೇಳುವಾಗ ಎರಡು ರಾಜ್ಯವೂ ನಮ್ಮದೇ ಎಂಬ ಲೆಕ್ಕ. ಹುಡುಗಿಗೆ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕೇ ಬಂತು. ಆದರೆ ಇಲ್ಲಿಯ ಪಟ್ಟಿಯಲ್ಲಿ ಅವಳು ಸ್ಥಳೀಯಳಲ್ಲ, ಕೊನೆಯ ಎರಡು ವರ್ಷ ಹೊರಗಿದ್ದಳು. ಕರ್ನಾಟಕದಲ್ಲಿ ಕೇಳಿದರೆ ಅಲ್ಲಿ ಓದಿದ ವರ್ಷ ಸಾಲದು. ಕಲಬುರಗಿ ಕಡೆಯವರಿಗೆ ಬೇರೆಯದೇ ಒಂದು ಕಲಮಿದೆ, ಅಪ್ಪ ಗದಗಿನವರಾದ್ದರಿಂದ ಅದೂ ಹೊಂದುವುದಿಲ್ಲ. ಎರಡು ಊರಿನ ಹುಡುಗಿ ಎರಡೂ ಊರಿಗೆ ಹೊರಗಿನವಳಾಗಿ ಕೂತಿದ್ದಳು. ಸ್ಥಳೀಯಳೆಂದು ಎಣಿಸಿದ್ದರೆ ಆ ರ‍್ಯಾಂಕಿಗೆ ಇಲ್ಲಿ ಸೀಟು ಖಂಡಿತ.

ಸೀನಿಯರ್ ಪುಸ್ತಕ ಬಿಚ್ಚಿ ಅಪ್ಪನ ಮುಂದಿಟ್ಟರು. ಅವರು ಓದಲಿಲ್ಲ.

"ಅದರಾಗ ಏನೈತಿ ಸಾಹೇಬ್ರ. ನಮ್ಮ ಮನಿ ಇಲ್ಲೇ ಐತಿ, ವೋಟು ಇಲ್ಲೇ ಐತಿ. ಹುಡುಗಿ ಹುಟ್ಟಿದ್ದು ಇಲ್ಲೇ. ಕನ್ನಡ ಮರೀಬಾರದಂತ ಎರಡು ವರ್ಷ ಕಳಿಸಿದ್ವಿ, ಅದೇನು ತಪ್ಪೇನ್ರಿ?"

"ತಪ್ಪಂತ ನಾ ಎಲ್ಲಿ ಅಂದೆ? ಬರೆದದ್ದು ಓದ್ರಿ ಅಂದೆ."

"ನೀವು ಕನ್ನಡದವರಂತ ಬಂದೀವ್ರಿ ನಾವು."

ಸೀನಿಯರ್ ಪುಸ್ತಕವನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. ಕೊನೆಗೆ ಮಗಳು ಪುಸ್ತಕ ತನ್ನ ಕಡೆ ಎಳೆದುಕೊಂಡಳು. ಆ ಕಲಮನ್ನೂ ಅದರ ಹಿಂದೆಯೇ ಹಚ್ಚಿದ್ದ ಆದೇಶವನ್ನೂ ನಿಧಾನವಾಗಿ ಓದಿದಳು. ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ ಮತ್ತೆ ಓದಿದಳು.

"ಸರ್, ಇದರಾಗ ನಾ ಇಲ್ರಿ," ಎಂದಳು. "ನಮ್ಮ ಕ್ಲಾಸಿನಾಗ ಹಳ್ಳಿಯಿಂದ ಬರೋ ಹುಡುಗ್ಯಾರಿದ್ರು. ಎಲ್ಲೀಗೂ ಹೋಗಾಕ ಆಗದವರು. ಅವರಿಗೆ ಬರದಾರ." "ಆದ್ರ ನಾನೂ ಬ್ಯಾರೆ ಊರಾಕಿ ಅಲ್ಲಲ್ರಿ?" ಎಂದಳು.

ಸೀನಿಯರ್ ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಹಳೆಯ ತೀರ್ಪಿನ ವಿಷಯ ಏನೂ ಮುಚ್ಚಿಡದೆ ಅಪ್ಪನಿಗೆ ಹೇಳಿದರು. "ನಿಮಗ ಅಡ್ಡ ಬರೋ ಮಾತು ಗೆದ್ದವ ನಾನ ಅದೀನಿ. ಎದುರಿನವರು ಅದನ್ನ ತಗೀತಾರ. ಸೋಲೋದು ಹೆಚ್ಚು. ತಿಳಕೊಂಡು ಕೇಸು ಕೊಡ್ರಿ." ಅಪ್ಪ ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಸೀನಿಯರ್ ವಕಾಲತ್ತಿಗೆ ಸಹಿ ಹಾಕಿದರು.

ಕೋರ್ಟಿನಲ್ಲಿ ಅವರು ಹೇಳಿದ ಹಾಗೇ ಆಯಿತು. ಎದುರಿನ ವಕೀಲ ಚಿಕ್ಕ ವಯಸ್ಸಿನವನು, ಬಹಳ ವಿನಯದಿಂದ ಹಳೆಯ ತೀರ್ಪನ್ನು ತೆಗೆದು ಓದಿದ. ಇದು ಇಂದು ಅರ್ಜಿದಾರರ ಪರ ನಿಂತಿರುವ ಹಿರಿಯರದೇ ವಾದ ಎಂದು ಸೇರಿಸಿದ. ಹಿಂದೆ ಯಾರೋ ನಕ್ಕರು. ನ್ಯಾಯಮೂರ್ತಿಗಳು, ಆ ವಾದವನ್ನು ಈಗ ಹಿಂದಕ್ಕೆ ಪಡೆಯುತ್ತೀರಾ ಎಂದು ಕೇಳಿದರು. ಹೂಂ ಅಂದರೆ ಒಂದು ದಾರಿಯಾದರೂ ಉಳಿಯುತ್ತದೆ, ಅಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಅನ್ನಲಿಲ್ಲ. ಆ ವಾದ ನನ್ನದು, ಅದರಲ್ಲಿ ಒಂದು ಮಾತೂ ಹಿಂದಕ್ಕೆ ಪಡೆಯುವುದಿಲ್ಲ ಎಂದರು. ಆದರೆ ಅಂದು ನನ್ನ ಕಣ್ಣ ಮುಂದೆ ಇದ್ದವನು ಶಕ್ತಿ ಇದ್ದು ಹೋಗಿಬಂದವನು. ಹುಟ್ಟಿದ ಊರು ಒಂದು, ಮನೆಮಾತಿನ ಊರು ಇನ್ನೊಂದು ಆದವರನ್ನು ನಾನಾಗಲಿ ನ್ಯಾಯಾಲಯವಾಗಲಿ ಅಂದು ನೋಡಿರಲಿಲ್ಲ. ಇಂದು ಒಮ್ಮೆ ನೋಡಬೇಕು, ಅಷ್ಟೇ ಕೇಳುತ್ತೇನೆ ಎಂದರು. ನ್ಯಾಯಮೂರ್ತಿಗಳು ಸಮಾಧಾನದಿಂದ ಕೇಳಿದರು. ಕೆಲವು ದಿನ ಬಿಟ್ಟು ಬಂದ ತೀರ್ಪು ಹಳೆಯದನ್ನೇ ಎತ್ತಿಹಿಡಿದಿತ್ತು. ಹುಡುಗಿಗೆ ಸೀಟು ಇಲ್ಲ.

ಸೀನಿಯರ್ ಅಪ್ಪ ಮಗಳಿಬ್ಬರನ್ನೂ ಆಫೀಸಿಗೆ ಕರೆಸಿದರು. ನಾನು ತೀರ್ಪು ಓದಬೇಕು, ಅವರು ಒಂದೊಂದು ಪ್ಯಾರಾದ ಅರ್ಥ ಕನ್ನಡದಲ್ಲಿ ಹೇಳಬೇಕು. ಸೋತವರನ್ನು ಎದುರಿಗೆ ಕೂರಿಸಿಕೊಂಡು ಹಾಗೆ ಓದುವುದು ನನಗೆ ಹಿಂಸೆಯಾಗಿತ್ತು. ಇವರಿಗೆ ಮನುಷ್ಯರ ಸಂಕಟ ತಿಳಿಯುವುದಿಲ್ಲವೇ ಎಂದು ಒಳಗೇ ಬೈದುಕೊಂಡೆ. ಓದಿ ಮುಗಿದ ಮೇಲೆ ಅಪ್ಪ ಕೇಳಿದರು, "ಅಂದ್ರ ಅವರು ಸರಿ ಹೇಳ್ಯಾರೇನ್ರಿ?"

"ಸರಿ ಹೇಳ್ಯಾರ."

"ಹಂಗಾದ್ರ ನಮ್ಮ ಪರ ಯಾಕ ನಿಂತ್ರಿ?"

"ನಿಮ್ಮ ಮಗಳದೂ ಒಂದು ಮಾತಿತ್ತಲ್ರಿ. ಅದನ್ನ ಯಾರರ ಎದ್ದು ನಿಂತು ಹೇಳಬೇಕಿತ್ತು. ಕಲಮು ಸರಿ ಐತಿ. ನಿಮ್ಮ ಮಗಳಿಗೆ ಅನ್ಯಾಯ ಆಗೈತಿ. ಎರಡೂ ಖರೆ." ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು.

ಅಪ್ಪ ನಮಸ್ಕಾರವನ್ನೂ ಮಾಡದೆ ಎದ್ದು ಮೆಟ್ಟಿಲಿಳಿದುಬಿಟ್ಟರು. ಹುಡುಗಿ ಬಾಗಿಲ ಹತ್ತಿರ ನಿಂತಳು. "ನೀವು ಹೇಳಿದ್ದು ತಿಳೀತ್ರಿ ಸರ್. ಆದ್ರ ಸಿಟ್ಟು ಹೋಗಿಲ್ಲ," ಎಂದಳು.

"ಹೋಗಬೇಕಂತ ಎಲ್ಲೂ ಬರೆದಿಲ್ಲವ್ವ," ಎಂದರು ಸೀನಿಯರ್.

ಆಮೇಲಿನ ಸುದ್ದಿ ನಮಗೆ ಬೇರೆಯವರಿಂದ ಬಂತು. ವಕೀಲರು ತಮ್ಮ ಹಳೆಯ ತೀರ್ಪು ಉಳಿಸಿಕೊಳ್ಳಲು ಬೇಕೆಂದೇ ಸೋತರು, ಕನ್ನಡದವರಾಗಿ ಕನ್ನಡದ ಹುಡುಗಿಯ ಕುತ್ತಿಗೆ ಕೊಯ್ದರು ಎಂದು ಅಪ್ಪ ಕಾಲೊನಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ನವೆಂಬರಿನ ರಾಜ್ಯೋತ್ಸವದಲ್ಲಿ ಇವರು ಹೋಗಿ ಕೂತರೆ ಪಕ್ಕದ ಕುರ್ಚಿಗಳು ಖಾಲಿ ಉಳಿದವು. ನಾನಾದರೆ ಆ ಮನುಷ್ಯನ ಮನೆಗೇ ಹೋಗಿ ನಾಲ್ಕು ಮಾತು ಆಡಿ ಬರುತ್ತಿದ್ದೆ. ಸೀನಿಯರ್ ಬಿಡಲಿಲ್ಲ. "ಮಗಳ ಸೀಟು ಹೋದವಗ ಯಾರನ್ನರ ಬೈಯಾಕ ಬೇಕಲ್ರಿ ಬಾಯಾರ. ನನ್ನ ಬೈಲಿ." ಆದರೆ ಅವರಿಗೆ ನೋವಾಗಿತ್ತು. ಡಬ್ಬಿಯ ರೊಟ್ಟಿ ಹಾಗೇ ವಾಪಸು ಹೋಗುವುದನ್ನು ಎಷ್ಟೋ ದಿನ ನೋಡಿದೆ. ಹುಡುಗಿ ಫಿಸಿಯೋಥೆರಪಿಗೆ ಸೇರಿದಳೆಂದು ತಿಳಿದಾಗ, "ಓದಾಕತ್ತಾಳಲ್ಲ, ಸಾಕು," ಎಂದರು. ಆದರೆ ಸಾಕು ಅಂದವರ ಮುಖ ಅದಾಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆಯೇ ನನಗೆ ಫೋನು ಮಾಡಿದರು. ಕುಷಾಯಿಗೂಡಕ್ಕೆ ಹೋಗಬೇಕು, ಜೊತೆಗೆ ಬರ್ರಿ ಎಂದರು. ಯಾಕೆ ಎಂದರೆ, ಕನ್ನಡದವರ ಮನೆಮನೆಗೆ ಹೋಗಿ ಹೇಳಿಬರುವುದಂತೆ: ಮಕ್ಕಳನ್ನು ಪಿಯುಸಿಗೆ ಊರಿಗೆ ಕಳಿಸುವ ಮುಂಚೆ ಈ ಕಲಮನ್ನು ತಿಳಿದುಕೊಳ್ಳಿ. ವಾಟ್ಸಪ್ಪಿನಲ್ಲಿ ಹಾಕಿದರೆ ಸಾಲದೇ ಸರ್ ಎಂದೆ. "ಲಗ್ನಕ್ಕ ಕರಿಯೋರು ಮನಿಗೆ ಹೋಗಂಗಿಲ್ಲೇನು? ಹಂಗ," ಎಂದರು. ಬಿಸಿಲು ಕುದಿಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ಬಗಲಿಗೆ ಚೀಲ ಹಾಕಿಕೊಂಡು ಬಸ್ಸಿನಿಂದ ಇಳಿದರು. ಕೆಲವರು ನೀರು ಕೊಟ್ಟು ಕೇಳಿಸಿಕೊಂಡರು. ಕೆಲವರು ಅರ್ಧ ಬಾಗಿಲು ತೆರೆದು ಹೂಂ ಹೂಂ ಎಂದು ಸಾಗಹಾಕಿದರು. ಒಂದು ಮನೆಯಲ್ಲಂತೂ ನಾವು ಗೇಟಿನಲ್ಲಿರುವಾಗಲೇ ಟಿವಿ ಜೋರು ಮಾಡಿದರು. ನನಗೆ ಅವಮಾನದಿಂದ ಅಳು ಬರುವ ಹಾಗಾಗಿತ್ತು. ಅವರು ಮಾತ್ರ ಮುಂದಿನ ಮನೆಗೆ ನಡೆದರು.

ಕೊನೆಯ ಬೀದಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಹೊಸ ಸೂಟ್‌ಕೇಸು, ಹಾಸಿಗೆಯ ಸುರುಳಿ ಇದ್ದವು. ಆ ಮನೆಯ ಹುಡುಗನನ್ನು ಧಾರವಾಡದ ಕಾಲೇಜಿಗೆ ಕಳಿಸುವ ತಯಾರಿ. ಸೀನಿಯರ್ ಗೇಟಿನ ಹೊರಗೆ ನಿಂತು ವಿಷಯ ಹೇಳತೊಡಗಿದರು. ಮನೆಯಾಕೆ ಅರ್ಧಕ್ಕೇ ತಡೆದರು.

"ನೀವ ಅಲ್ರಿ, ನಮ್ಮ ಎದುರು ಮನಿ ಹುಡುಗಿ ಸೀಟು ಕಳದ ವಕೀಲ್ರು? ಈಗ ನಮ್ಮ ಹುಡುಗನ ದಾರಿಗೆ ಬಂದೀರೇನು?"

ಸೀನಿಯರ್ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ನಡೀರಿ ಸರ್, ಹೋಗೋಣ ಎಂದು ತೋಳು ಹಿಡಿದೆ.

ಅಷ್ಟರಲ್ಲಿ ಎದುರು ಮನೆಯ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ ಮನುಷ್ಯ ಪೈಪು ಕೆಳಗೆ ಹಾಕಿ ಬೀದಿ ದಾಟಿ ಬಂದರು. ಅವರೇ, ಆ ಅಪ್ಪ. ಇನ್ನೂ ಏನು ಕೇಳಿಸಿಕೊಳ್ಳುವುದಿದೆಯೋ ಎಂದು ನಾನು ಗಟ್ಟಿಯಾದೆ. ಅವರು ನಮ್ಮ ಕಡೆ ನೋಡಲಿಲ್ಲ. ಜಗಲಿಯ ಮೇಲಿದ್ದ ಸೂಟ್‌ಕೇಸನ್ನು ನೋಡಿದರು, ಆಮೇಲೆ ಮನೆಯಾಕೆಯನ್ನು.

"ಅಕ್ಕಾರ, ನಾ ಈ ಓಣಿ ತುಂಬ ಸುಳ್ಳು ಹೇಳೀನಿ," ಎಂದರು. "ನನ್ನ ಮಗಳ ಸೀಟು ಇವರು ಕಳೀಲಿಲ್ರಿ. ನಾನು ಕಳದೆ. ಯಾರನ್ನೂ ಕೇಳದ ಕಳಿಸಿದವ ನಾನು. ಇವರ ಮಾತು ಪೂರಾ ಕೇಳ್ರಿ, ಆಮ್ಯಾಲ ಹುಡುಗನ್ನ ಕಳಿಸ್ರಿ."

ಬೀದಿಯಾಚೆ ಅವರ ಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅಪ್ಪನ ಬಾಯಿಂದ ಈ ಮಾತನ್ನು ಅವಳೂ ಅಂದೇ ಮೊದಲ ಸಲ ಕೇಳಿದ್ದು.